ಮಾರುವವನ ಮಾತು

ಚಾದರಕ್ಕೆ ಅಳತೆಯುಂಟು, ತೂಕವುಂಟು. ಸೊಲ್ಲಾಪುರದ ಪೇಟೆಯಲ್ಲಿ ಅದನ್ನು ಕೊಳ್ಳುವವನು ಬಿಚ್ಚಿ, ಜಗ್ಗಿ, ಬೆಳಕಿಗೆ ಹಿಡಿದು ನೋಡುವನು. ಕೈಯಿಂದ ಬರೆದ ಚಿತ್ರಕ್ಕೆ ಇಂಥ ಪರೀಕ್ಷೆಯಿಲ್ಲ. ಆದುದರಿಂದ ಅದರ ಮುಂದೆ ನಿಂತವನು ಅಳುಕುತ್ತಾನೆ. ಆ ಅಳುಕಿನೆದುರು ಮಾರುವವನು ಆಡತಕ್ಕ ಮಾತು ಯಾವುದು? ವ್ಯಾಪಾರದ ಪ್ರಶ್ನೆಯಂತೆ ತೋರಿದರೂ ಇದು ನೀತಿಯ ಪ್ರಶ್ನೆಯೇ ಆಗಿದೆ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಒಮ್ಮೆ ಅಕ್ಕಲಕೋಟೆಯ ಕಡೆಯ ಚಿತ್ರಕಲಾ ಶಿಕ್ಷಕ ಮಿತ್ರರೊಬ್ಬರು ತಮ್ಮ ಜಲವರ್ಣದ ಚಿತ್ರಗಳನ್ನು ಹರಡಿದ್ದರು, ನಾವೂ ಜೊತೆಗಿದ್ದೆವು. ಏಳು ನಂದಿಧ್ವಜಗಳ ಮೆರವಣಿಗೆಯ ಚಿತ್ರದ ಮುಂದೆ ನೇಕಾರ ಮುದುಕನೊಬ್ಬನು ಬಹಳ ಹೊತ್ತು ನಿಂತನು. ಬೆಲೆ ಕೇಳಿದನು. ಎಂಟುನೂರು ರೂಪಾಯಿ ಎಂದೊಡನೆ ಸುಮ್ಮನಾದನು. "ಇದನ್ನು ಮತ್ತೊಬ್ಬರು ಕೇಳಿ ಹೋಗಿದ್ದಾರೆ" ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂದಿತ್ತು. ಯಾರೂ ಕೇಳಿರಲಿಲ್ಲ. ಮಿತ್ರರಾದರೋ, "ಅಜ್ಜಾರ, ಅಚ್ಚಿನ ಪಟ ಆ ಅಂಗಡಿಯಾಗ ಅಗ್ಗ ಸಿಗತಾವ. ಇದನ್ನ ನಾಕು ದಿವಸ ಕೂತು ಬರದೀನಿ, ಇಂಥಾದು ಇನ್ನೊಂದಿಲ್ಲ. ಬಿಸಲಿಗೆ ಹಾಕಬ್ಯಾಡ್ರಿ, ಬಣ್ಣ ಮಾಸತದ" ಎಂದರು. "ಮನ್ಯಾಗ ಕೇಳಿ ಬರ್ತೀನ್ರಿ ಮಾಸ್ತರ" ಎಂದು ಹೋದ ಮುದುಕನು ಮರಳಲಿಲ್ಲ.

ಮಿತ್ರರ ಮಾತು ತಪ್ಪಾಯಿತೇ? ಅಚ್ಚಿನ ಪಟವನ್ನು ಅವರು ಹಳಿಯಲಿಲ್ಲ. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯವು ಆರಂಭವಾದ ಬಳಿಕ ದೇವರ ಚಿತ್ರಗಳು ಸಾಮಾನ್ಯರ ಮನೆಯ ಗೋಡೆಗೂ ಬಂದವು. ಅದು ಸಣ್ಣ ಉಪಕಾರವಲ್ಲ. ಮೂಲಚಿತ್ರದಲ್ಲಿ ಹೆಚ್ಚಿನದು ಏನಿದೆಯೋ ಅಷ್ಟನ್ನೇ ಹೇಳಿದರು. ಅದರ ಕೊರತೆಯನ್ನೂ ಮುಚ್ಚಲಿಲ್ಲ.

"ಹಸಿದ ಕಲಾವಿದನಿಗೆ ಇಷ್ಟು ನೀತಿ ಏಕೆ?" ಎಂದು ಯಾರಾದರೂ ಕೇಳಬಹುದು. ಹೊಟ್ಟೆಗಾಗಿ ಬರೆಯುವದು ಹೀನವಲ್ಲ. ಈ ಜಿಲ್ಲೆಯ ಪಂಢರಪುರದಲ್ಲಿ ಹುಟ್ಟಿದ ಎಂ. ಎಫ್. ಹುಸೇನರು ಮುಂಬಯಿಯಲ್ಲಿ ಸಿನೆಮಾ ಫಲಕಗಳನ್ನು ಬರೆದು ಬದುಕಿದವರು. ದುಡಿಮೆಗೆ ತಕ್ಕ ಬೆಲೆ ಕೇಳುವ ಹಕ್ಕನ್ನು ಹಸಿವೆಯು ಕೊಡುತ್ತದೆ; ಅನ್ಯರ ಅಜ್ಞಾನವನ್ನು ಬಳಸಿಕೊಳ್ಳುವ ಹಕ್ಕನ್ನು ಕೊಡುವದಿಲ್ಲ. ಹಾಗೆಯೇ, ಗಿರಾಕಿಯು ಹೆಜ್ಜೆ ತೆಗೆದೊಡನೆ ಬೆಲೆಯನ್ನು ಅರ್ಧಕ್ಕಿಳಿಸುವದೂ ಸರಿಯಲ್ಲ. ಆಗ ಮೊದಲು ಹೇಳಿದ ಬೆಲೆಯೇ ಸುಳ್ಳಾಗುತ್ತದೆ.

ಕೊಳ್ಳುವವನ ಅಳುಕು ಯಾವಾಗಲೂ ಜಿಪುಣತನವಲ್ಲ. ತನಗೆ ತಿಳಿಯದೆಂಬುದು ಬಯಲಾದೀತೆಂಬ ನಾಚಿಕೆ ಅದರಲ್ಲಿರಬಹುದು. ಮನೆಯ ಖರ್ಚಿನ ಚಿಂತೆಯಿರಬಹುದು. ತರಗತಿಯಲ್ಲಿ ಉತ್ತರ ಹೇಳಲು ತಡವರಿಸುವ ಹುಡುಗನನ್ನು ನಾವು ಗದರಿಸಿದರೆ ಅವನು ಏನನ್ನೋ ಹೇಳಿಯಾನು, ಕಲಿತಂತಾಗುವದಿಲ್ಲ. ಬೇಕಾದ ತಿಳಿವಳಿಕೆಯನ್ನು ಕೊಟ್ಟು ಕಾಯುವದು ಇಬ್ಬರಿಗೂ ಸಲ್ಲುವ ಮರ್ಯಾದೆ. "ಬೇಡ" ಎನ್ನಲು ಎಡೆಯಿಲ್ಲದಲ್ಲಿ "ಬೇಕು" ಎಂಬುದಕ್ಕೆ ಬೆಲೆಯೆಲ್ಲಿಯದು?

ಅಂದು ಚಿತ್ರವು ಮಾರಲಿಲ್ಲ. ಅದು ನಷ್ಟವಲ್ಲವೆಂದು ನಾವು ಹೇಳಲಾರೆವು. ಕಾಗದಕ್ಕೂ ಬಣ್ಣಕ್ಕೂ ಮಿತ್ರರು ಹಣ ತೆತ್ತಿದ್ದರು. ಆದರೆ ಮರುವರ್ಷದ ಜಾತ್ರೆಯಲ್ಲಿ ಆ ಮುದುಕನು ಎದುರಾದರೆ ಅವರು ಮೋರೆ ತಿರುಗಿಸಬೇಕಾಗಿಲ್ಲ. ನಮ್ಮ ನಾಲಿಗೆಯ ತುದಿಯ ಮಾತು ಹೊರಬಿದ್ದಿದ್ದರೆ ನಾವು ತಿರುಗಿಸಬೇಕಾಗುತ್ತಿತ್ತು.