ಇಪ್ಪತ್ತೈದು ಅಂಕಗಳ ಕರಾರು

ಹಲವರು ಕೂಡಿ ನಡೆಸುವ ಕಾರ್ಯವು ಕೆಟ್ಟಾಗ ಅದರ ಹೊಣೆಯನ್ನು ಒಬ್ಬನ ಮೇಲೆ ಹೊರಿಸುವುದು ನ್ಯಾಯವೆ, ಅಥವಾ ಅದು ನೊಂದ ಮನಸ್ಸುಗಳು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಮಾತ್ರವೆ? ಮಳೆ ಬಾರದಿದ್ದರೆ ಅರಸನ ಧರ್ಮವನ್ನು ಶಂಕಿಸುತ್ತಿದ್ದ ಕಾಲದಿಂದಲೂ ಈ ಪ್ರಶ್ನೆಯುಂಟು. ಇದನ್ನು ವಿಚಾರಿಸುವುದಕ್ಕೆ ರಾಜ್ಯಭಾರದ ದೊಡ್ಡ ನಿದರ್ಶನಗಳೇ ಆಗಬೇಕೆಂದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಫುಟ್‌ಬಾಲ್ ಆಟವನ್ನು ನೋಡಿದರೂ ಸಾಕು. ಅಲ್ಲಿ ತಂಡವು ಮೇಲಿಂದ ಮೇಲೆ ಸೋತಿತೆಂದರೆ ಮೊದಲು ಬರತರಫಾಗುವವನು ಆಟ ಕಲಿಸುವ ಶಿಕ್ಷಕ. ಅವನು ಒಂದು ಗಜವನ್ನೂ ಓಡಿದವನಲ್ಲ, ಒಂದು ಚೆಂಡನ್ನೂ ಕೈಬಿಟ್ಟವನಲ್ಲ. ಆದರೂ ಹೋಗುವವನು ಅವನೇ.

ಆ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರಿದ್ದರೂ ಈ ನಾಡಿನ ಮಕ್ಕಳು ಬಯಲಿನಲ್ಲಿ ಆಡುವ ಕಾಲ್ಚೆಂಡಿಗೂ ಅದಕ್ಕೂ ಸಂಬಂಧವು ಅಲ್ಪ. ಚೆಂಡು ನೀಳವಾಗಿ ತುದಿ ಚೂಪಾಗಿರುತ್ತದೆ. ಅದನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದೇ ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಚೆಂಡು ತಮ್ಮ ಕೈಯಲ್ಲಿರುವಾಗ ಆಡುವ ಹನ್ನೊಂದು ಮಂದಿ ಬೇರೆ, ಎದುರಾಳಿಗಳನ್ನು ತಡೆಯುವ ಹನ್ನೊಂದು ಮಂದಿ ಬೇರೆ. ಮೊದಲಿನವರದು ಆಕ್ರಮಣದ ಪಂಗಡ, ಎರಡನೆಯವರದು ರಕ್ಷಣೆಯ ಪಂಗಡ. ಆಕ್ರಮಣದವರಿಗೆ ಹತ್ತು ಗಜ ಮುಂದುವರಿಯಲು ನಾಲ್ಕು ಅವಕಾಶಗಳುಂಟು. ಆಗದೆಂದು ಕಂಡರೆ ನಾಲ್ಕನೆಯ ಸರದಿಯಲ್ಲಿ ಚೆಂಡನ್ನು ದೂರಕ್ಕೆ ಒದ್ದು ಶತ್ರುಗಳಿಗೆ ಒಪ್ಪಿಸಿಬಿಡುತ್ತಾರೆ. ಗಡಿಯನ್ನು ದಾಟಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು, ಚೆಂಡು ಹಿಡಿದ ಎದುರಾಳಿಯನ್ನು ಅವನ ಸ್ವಂತ ಗಡಿಯೊಳಗೇ ಕೆಡವಿದರೆ ಎರಡು. ಆಯಾ ಪಂಗಡಕ್ಕೆ ಆಯಾ ಶಿಕ್ಷಕನಿದ್ದು, ಎಲ್ಲರ ಮೇಲೆ ಒಬ್ಬ ಮುಖ್ಯ ಶಿಕ್ಷಕನಿರುತ್ತಾನೆ. ಇಷ್ಟನ್ನು ತಿಳಿದರೆ ಮುಂದಿನ ಸಂಗತಿಯನ್ನು ಅರಿಯುವುದಕ್ಕೆ ಸಾಕು.

ಅಯೋವಾ ವಿಶ್ವವಿದ್ಯಾನಿಲಯದ ತಂಡಕ್ಕೆ 1999ರಿಂದ ಕರ್ಕ್ ಫೆರೆಂಟ್ಸ್ ಎಂಬವರು ಮುಖ್ಯ ಶಿಕ್ಷಕರಾಗಿದ್ದಾರೆ. ಅವರ ಮಗ ಬ್ರಯನ್ ಅದೇ ತಂಡದಲ್ಲಿ ಆಡಿ ಬೆಳೆದವರು. 2012ರಲ್ಲಿ ಸಹಾಯಕರಾಗಿ ಅಲ್ಲಿಗೆ ಮರಳಿ, 2017ರಲ್ಲಿ ಆಕ್ರಮಣದ ಪಂಗಡಕ್ಕೆ ಅಧಿಪತಿಗಳಾದರು. ತಂದೆಯ ಕೈಕೆಳಗೆ ಮಗನು ಸಂಬಳ ಪಡೆಯಬಾರದೆಂಬ ನಿಯಮವಿದ್ದುದರಿಂದ, ಮಗನು ಉತ್ತರ ಹೇಳಬೇಕಾದುದು ತಂದೆಗಲ್ಲ, ಆಟಗಳ ಇಲಾಖೆಯ ನಿರ್ದೇಶಕರಿಗೆ ಎಂದು ಗೊತ್ತುಮಾಡಲಾಯಿತು. ಕಾಗದದ ಮೇಲೆ ಇದು ನಿರ್ದೋಷವಾದ ಏರ್ಪಾಡು. ಆದರೆ ಶನಿವಾರ ಮಧ್ಯಾಹ್ನ ಬಯಲಿನ ಅಂಚಿನಲ್ಲಿ ನಿಂತು, ಈಗ ಓಡಬೇಕೆ, ಎಸೆಯಬೇಕೆ, ಒದ್ದು ಸುಮ್ಮನಾಗಬೇಕೆ ಎಂದು ತೀರ್ಮಾನಿಸುವ ವೇಳೆಯಲ್ಲಿ ನಿರ್ದೇಶಕರು ಎಲ್ಲಿರುತ್ತಾರೆ? ಅಲ್ಲಿ ತಂದೆಯ ಮಾತೇ ಮಾತು.

2022ರಲ್ಲಿ ಈ ತಂಡದ ಆಕ್ರಮಣವು ತೀರ ಬಡವಾಯಿತು. ಆ ವರ್ಷದ ಮೊದಲ ಪಂದ್ಯದಲ್ಲಿ ಅವರು ಸೌತ್ ಡಕೋಟಾ ಸ್ಟೇಟ್ ತಂಡವನ್ನು 7ಕ್ಕೆ 3ರಂತೆ ಗೆದ್ದರು. ಏಳು ಎಂದರೆ ಗಡಿ ದಾಟಿ ಪಡೆದ ಏಳಲ್ಲ. ಒಂದು ಒದೆತದಿಂದ ಮೂರು, ರಕ್ಷಣೆಯವರು ಎರಡು ಬಾರಿ ಎದುರಾಳಿಯನ್ನು ಅವನ ಗಡಿಯಲ್ಲೇ ಕೆಡವಿದ್ದರಿಂದ ನಾಲ್ಕು. ಗೆದ್ದವರೇ ನಗುವಂತಹ ಗೆಲುವು. ಆ ಋತುವು ಮುಗಿಯುವಾಗ ಅವರ ಸರಾಸರಿ ಹದಿನೆಂಟು ಅಂಕವನ್ನೂ ಮುಟ್ಟಲಿಲ್ಲ; ಕ್ರಮಿಸಿದ ಗಜಗಳ ಎಣಿಕೆಯಲ್ಲಿ ಮೇಲ್ದರ್ಜೆಯ 131 ತಂಡಗಳ ಪೈಕಿ ಕಡೆಯಿಂದ ಎರಡನೆಯ ಸ್ಥಾನ ದೊರೆಯಿತು. ಆದರೂ ಎಂಟು ಪಂದ್ಯಗಳಲ್ಲಿ ಜಯವಾಯಿತು, ಏಕೆಂದರೆ ರಕ್ಷಣೆಯ ಪಂಗಡವು ಅತ್ಯುತ್ತಮವಾಗಿತ್ತು.

ಜನರ ಗೊಣಗಾಟವು ಹೆಚ್ಚಿತು. 2023ರ ಫೆಬ್ರವರಿಯಲ್ಲಿ ನಿರ್ದೇಶಕ ಗ್ಯಾರಿ ಬಾರ್ಟ ಅವರು ಮಗನ ಕರಾರುಪತ್ರವನ್ನು ತಿದ್ದಿಸಿದರು. ವರ್ಷದ ಸಂಬಳ ಒಂಬತ್ತು ಲಕ್ಷ ಡಾಲರುಗಳಿಂದ ಎಂಟೂವರೆ ಲಕ್ಷಕ್ಕೆ ಇಳಿಯಿತು. ಅದಕ್ಕಿಂತ ವಿಚಿತ್ರವಾದುದು ಮುಂದಿನ ಷರತ್ತು: ತಂಡವು ಕನಿಷ್ಠ ಏಳು ಪಂದ್ಯಗಳನ್ನು ಗೆಲ್ಲಬೇಕು, ಮತ್ತು ಪಂದ್ಯವೊಂದಕ್ಕೆ ಸರಾಸರಿ 25 ಅಂಕಗಳನ್ನು ಗಳಿಸಬೇಕು, ಇಲ್ಲವಾದರೆ ಕೆಲಸವು ಮುಂದುವರಿಯದು. ರಕ್ಷಣೆಯವರು ಗಳಿಸಿದ ಅಂಕವೂ ಈ ಲೆಕ್ಕಕ್ಕೆ ಸೇರುತ್ತಿತ್ತು. ಎಂದರೆ ಒಬ್ಬನ ಯೋಗ್ಯತೆಯನ್ನು ಅಳೆಯುವುದಕ್ಕೆಂದು ಮಾಡಿದ ಕೊಳಗದಲ್ಲಿ ನೆರೆಯವನ ಬೆಳೆಯನ್ನೂ ಸುರಿಯಬಹುದಾಗಿತ್ತು.

ಈ ಷರತ್ತಿನ ಧರ್ಮಾಧರ್ಮವನ್ನು ತುಸು ನಿಧಾನವಾಗಿ ನೋಡಬೇಕು. ಅಂಕಿಯಿಂದ ಅಳೆಯುವುದರಲ್ಲಿ ಒಂದು ಪ್ರಾಮಾಣಿಕತೆಯಿದೆ ಎಂಬುದು ನಿಜ. ಅಧಿಕಾರಿಯ ಮರ್ಜಿಯಿಂದಲೋ ಪತ್ರಿಕೆಗಳ ಕೂಗಿನಿಂದಲೋ ಕೆಲಸ ಕಳೆದುಕೊಳ್ಳುವುದಕ್ಕಿಂತ, ಮೊದಲೇ ತಿಳಿದ ಅಳತೆಯಿಂದ ಕಳೆದುಕೊಳ್ಳುವುದು ಮೇಲು. ಮಗನೆಂಬ ಕಾರಣದಿಂದ ರಿಯಾಯಿತಿ ದೊರೆಯಿತೆಂಬ ಅಪವಾದಕ್ಕೆ ಅಂಕಿಗಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಅಳತೆಗೋಲು ಕೈಗೆ ಬಂದೊಡನೆ ಅಳೆಯಲ್ಪಡುವ ವಸ್ತುವೇ ಬದಲಾಗತೊಡಗುತ್ತದೆ. ಗೆಲುವು ಖಚಿತವಾದ ಪಂದ್ಯದ ಕಡೆಯ ನಿಮಿಷಗಳಲ್ಲಿ ಚೆಂಡನ್ನು ಹಿಡಿದು ಕಾಲ ಕಳೆಯುವುದು ಆ ಆಟದಲ್ಲಿ ಸೌಜನ್ಯ. ಸೋತವನನ್ನು ಮತ್ತೆ ತುಳಿಯಬಾರದೆಂಬ ಭಾವ ಅದರಲ್ಲಿದೆ. ಇನ್ನು ಮೇಲೆ ಆ ನಿಮಿಷಗಳಲ್ಲಿ ಗಳಿಸುವ ಆರು ಅಂಕಗಳು ಒಬ್ಬ ಗೃಹಸ್ಥನ ಅನ್ನದ ಪ್ರಶ್ನೆಯಾದವು. ಅವನು ಆ ಸೌಜನ್ಯವನ್ನು ಮೀರದಿದ್ದರೂ, ಮೀರಿದನೇನೋ ಎಂದು ನೋಡುವವರು ಶಂಕಿಸದಿರಲಾರರು. ಕರಾರು ಮಾಡಿದ ಮೊದಲ ಕೇಡು ಇದು: ಒಬ್ಬನ ಮನಸ್ಸಿನಲ್ಲಿ ತಂಡದ ಹಿತಕ್ಕೂ ತನ್ನ ಹಿತಕ್ಕೂ ನಡುವೆ ಹಿಂದೆ ಇಲ್ಲದ ಬಿರುಕೊಂದನ್ನು ತಂದಿಟ್ಟಿತು. 2023ರ ಪ್ರಥಮ ಪಂದ್ಯದಲ್ಲಿ ಅಯೋವಾ ಯೂಟಾ ಸ್ಟೇಟ್ ತಂಡವನ್ನು ಸುಲಭವಾಗಿ ಸೋಲಿಸಿತು. ಗಳಿಸಿದ್ದು 24. ಗೆದ್ದ ಸಂತೋಷವನ್ನು ಬದಿಗಿಟ್ಟು ಜನರು ಆ ಒಂದು ಅಂಕದ ಕೊರತೆಯನ್ನೇ ಆಡಿಕೊಂಡರು.

ಎರಡನೆಯ ತೊಡಕು ಇನ್ನೂ ಆಳವಾದುದು. ಬಡ ಆಕ್ರಮಣವು ಯಾರ ಸೃಷ್ಟಿ? ತಂದೆಯ ಪದ್ಧತಿಯು ಮೊದಲಿನಿಂದಲೂ ಜಾಗರೂಕವಾದುದು: ಅಪಾಯಕ್ಕೆ ಕೈಹಾಕದೆ, ಚೆಂಡನ್ನು ದೂರಕ್ಕೆ ಒದ್ದು, ಎದುರಾಳಿಯೇ ತಪ್ಪುವವರೆಗೆ ರಕ್ಷಣೆಯ ಬಲದಿಂದ ಕಾಯುವುದು. ಆಸ್ಟ್ರೇಲಿಯಾದ ಮೆಲ್ಬರ್ನಿನಿಂದ ಬಂದ ಟೋರಿ ಟೇಲರ್ ಎಂಬ ತರುಣನು 2023ರಲ್ಲಿ ಹೀಗೆ ಒದ್ದ ಗಜಗಳ ಮೊತ್ತವು, 1938ರಿಂದ ಯಾರೂ ಮೀರದಿದ್ದ ಒಂದು ಋತುವಿನ ದಾಖಲೆಯನ್ನು ಮೀರಿತು. ದೇಶದ ಅತ್ಯುತ್ತಮ ಒದೆಗಾರನೆಂಬ ಬಹುಮಾನವೂ ಅವನಿಗೆ ಬಂದಿತು. ಒಂದು ತಂಡದ ಕೀರ್ತಿಶಾಲಿ ಆಟಗಾರನು ಚೆಂಡನ್ನು ಶತ್ರುವಿಗೆ ಒಪ್ಪಿಸುವವನೇ ಆದರೆ, ಆ ತಂಡದ ಬಡತನವು ಅರ್ಧ ಶಕ್ತಿಹೀನತೆ, ಅರ್ಧ ವ್ರತ ಎನ್ನಬೇಕು. ವ್ರತವನ್ನು ಹಿಡಿಸಿದವರು ತಂದೆ. ಉಪವಾಸಕ್ಕಾಗಿ ದಂಡ ತೆತ್ತವರು ಮಗ. ಇದರ ಮೇಲೆ ಆಕಸ್ಮಿಕಗಳು ಬೇರೆ. ಮಿಷಿಗನ್ನಿನಿಂದ ಬಂದು ಚೆಂಡೆಸೆಯುವ ನಾಯಕನಾಗಿ ನಿಂತಿದ್ದ ಕೇಡ್ ಮೆಕ್‌ನಮಾರಾ ಎಂಬಾತನು ಸೆಪ್ಟೆಂಬರ್ ಕಡೆಯಲ್ಲಿ ಮೊಣಕಾಲು ಮುರಿದುಕೊಂಡು ಆ ವರ್ಷಕ್ಕೆ ಕೂತುಬಿಟ್ಟನು. ಮೊಣಕಾಲಿಗೆ ಕರಾರಿನಲ್ಲಿ ಕಲಮಿಲ್ಲ.

ಹಾಗೆಂದು ಮಗನನ್ನು ನಿರಪರಾಧಿಯೆಂದು ಬಿಡುಗಡೆ ಮಾಡುವಂತಿಲ್ಲ. ಒಂದು ವರ್ಷ ಕಡೆಯಿಂದ ಎರಡನೆಯವರಾಗಿ, ಮರುವರ್ಷ 133 ತಂಡಗಳಲ್ಲಿ ಕಟ್ಟಕಡೆಯವರಾಗುವುದಕ್ಕೆ ಅದೃಷ್ಟವೊಂದೇ ಕಾರಣವಾಗಲಾರದು. ಅದೇ ಜಾಗರೂಕ ಪದ್ಧತಿಯಲ್ಲಿ ಹಿಂದಿನ ಕೆಲವು ವರ್ಷಗಳು ಇಷ್ಟು ಹೀನವಾಗಿರಲಿಲ್ಲ. ತಂದೆಯನ್ನು ಧೃತರಾಷ್ಟ್ರನಿಗೆ ಹೋಲಿಸುವುದು ಇಲ್ಲಿ ನಾಲಗೆಗೆ ಸುಲಭವಾಗಿ ಬರುವ ಮಾತು. ಆದರೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಧೃತರಾಷ್ಟ್ರನಿಗೆ ಮಗನ ಅಧರ್ಮವು ತಿಳಿದಿತ್ತು. ಇಲ್ಲಿ ಅಧರ್ಮವೆಂಬುದೇನೂ ಇಲ್ಲ, ಇದ್ದುದು ಅಸಾಮರ್ಥ್ಯ. ಮಕ್ಕಳ ಅಸಾಮರ್ಥ್ಯವು ಹೆತ್ತವರಿಗೆ ಕಾಣುವುದು ಎಲ್ಲರಿಗೂ ಕಂಡ ಮೇಲೆಯೇ. ಆ ಕಾರಣಕ್ಕಾಗಿಯೇ ಹೊರಗಿನವರೊಬ್ಬರು ತೂಗಬೇಕಾಗಿತ್ತು. ನಿರ್ದೇಶಕರು ತೂಗುವ ಕೆಲಸವನ್ನು ತಾವು ಮಾಡದೆ, ತಕ್ಕಡಿಯನ್ನೇ ಕರಾರಿನೊಳಗೆ ಸೇರಿಸಿ ತಾವು ನಿವೃತ್ತರಾದರು.

ಅಕ್ಟೋಬರ್ 30ರಂದು, ಬಾರ್ಟರ ಸ್ಥಾನದಲ್ಲಿ ತಾತ್ಕಾಲಿಕವಾಗಿ ಬಂದಿದ್ದ ಬೆತ್ ಗೆಟ್ಸ್ ಅವರು, ಋತುವು ಮುಗಿದೊಡನೆ ಬ್ರಯನ್ ಅವರ ಕೆಲಸವೂ ಮುಗಿಯುವುದೆಂದು ಪ್ರಕಟಿಸಿದರು. ಆಗ ತಂಡವು ಎಂಟು ಪಂದ್ಯಗಳಲ್ಲಿ ಆರನ್ನು ಗೆದ್ದಿತ್ತು. ಆಟಗಾರರನ್ನೂ ಸಿಬ್ಬಂದಿಯನ್ನೂ ಋತುವು ಮುಗಿದ ಬಳಿಕ ತೂಗಿ ನೋಡುವುದೇ ತಮ್ಮ ವಾಡಿಕೆಯೆಂದು ತಂದೆ ಹೇಳಿದರು. ಆ ಮಾತಿನಲ್ಲಿ ನೋವಿದ್ದರೂ ನ್ಯಾಯವೂ ಇತ್ತು. ಗೆಟ್ಸ್ ಅವರ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು: ವಾರವಾರವೂ ಒಂದು ಸರಾಸರಿಯನ್ನು ಲೆಕ್ಕ ಹಾಕುತ್ತ ಇಡೀ ಸಂಸ್ಥಾನವು ಹಾಸ್ಯ ಮಾಡುತ್ತಿದ್ದಾಗ, ಅನಿಶ್ಚಯವನ್ನು ಕೊನೆಗಾಣಿಸುವುದು ಒಂದು ಬಗೆಯ ಕರುಣೆಯೇ ಆದೀತು.

ಈ ಕಥೆಯಲ್ಲಿ ಹೆಚ್ಚು ಚಿಂತನಾರ್ಹವಾದುದು ಅದರ ಮುಂದಿನ ನಾಲ್ಕು ವಾರಗಳು. ಬ್ರಯನ್ ಕೆಲಸ ಬಿಟ್ಟು ಹೊರಡಲಿಲ್ಲ. ಸರಾಸರಿಯ ಆಸೆ ಹೋಗಿತ್ತು, ಹುದ್ದೆಯ ಆಸೆ ಹೋಗಿತ್ತು. ಆದರೂ ಆಟಗಾರರೊಡನೆ ಬಯಲಿಗೆ ಇಳಿದರು. ನಾರ್ತ್‌ವೆಸ್ಟರ್ನ್ ಮೇಲೆ 10ಕ್ಕೆ 7, ರಟ್‌ಗರ್ಸ್ ಮೇಲೆ 22ಕ್ಕೆ ಸೊನ್ನೆ, ಇಲಿನಾಯ್ ಮೇಲೆ 15ಕ್ಕೆ 13, ನೆಬ್ರಾಸ್ಕ ಮೇಲೆ 13ಕ್ಕೆ 10. ನಾಲ್ಕಕ್ಕೆ ನಾಲ್ಕೂ ಜಯ, ಒಂದರಲ್ಲಿಯೂ ಇಪ್ಪತ್ತೈದಿಲ್ಲ. ಫಲದ ಹಂಬಲವಿಲ್ಲದ ಕರ್ಮದ ವಿಷಯವಾಗಿ ಭಾಷ್ಯಗಳನ್ನು ಓದಿದವರು ಈ ದೃಶ್ಯವನ್ನು ಲಘುವಾಗಿ ಕಾಣಲಾರರು. ಅವರು ಜ್ಞಾನಿಗಳಾದ್ದರಿಂದ ಹಾಗೆ ಮಾಡಿದರೆಂದಲ್ಲ. ಇತರ ಫಲಗಳೆಲ್ಲ ಕಿತ್ತುಕೊಳ್ಳಲ್ಪಟ್ಟ ಮೇಲೆ ಉಳಿದುದು ಕೆಲಸವೊಂದೇ ಆಗಿತ್ತು. ಬಳಿಕ ಬಿಗ್ ಟೆನ್ ಕೂಟದ ಅಂತಿಮ ಪಂದ್ಯದಲ್ಲಿ ಮಿಷಿಗನ್ 26ಕ್ಕೆ ಸೊನ್ನೆಯಿಂದಲೂ, ವರ್ಷಾರಂಭದ ಪಂದ್ಯದಲ್ಲಿ ಟೆನಸೀ 35ಕ್ಕೆ ಸೊನ್ನೆಯಿಂದಲೂ ಅವರನ್ನು ಮುರಿದವು. ಒಟ್ಟು ಹತ್ತು ಜಯ, ನಾಲ್ಕು ಸೋಲು. ಸರಾಸರಿ ಹದಿನೈದಕ್ಕೆ ತುಸು ಮೇಲೆ.

ಬರತರಫು ಎಂಬುದು ಶಿಕ್ಷೆಯೆ ಎಂಬ ಸಂದೇಹಕ್ಕೂ ಆ ದೇಶದಲ್ಲಿ ಆಸ್ಪದವಿದೆ. ಅದೇ 2023ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯವು ಜಿಂಬೋ ಫಿಷರ್ ಎಂಬ ಮುಖ್ಯ ಶಿಕ್ಷಕರನ್ನು ಕಳುಹಿಸಿಬಿಟ್ಟಿತು. ಕರಾರಿನ ಪ್ರಕಾರ ಅವರಿಗೆ ಸಲ್ಲಬೇಕಾದ ಹಣ ಏಳೂವರೆ ಕೋಟಿ ಡಾಲರುಗಳಿಗೂ ಮಿಕ್ಕಿತ್ತು. ಕೆಲಸ ಮಾಡಬೇಡವೆಂದು ಹೇಳುವುದಕ್ಕೆ ಇಷ್ಟು ಹಣ! ಇದನ್ನು ದಂಡನೆಯೆಂದು ಕರೆಯಬೇಕಾದರೆ ದಂಡನೀತಿಯ ಗ್ರಂಥಗಳನ್ನು ಹೊಸದಾಗಿ ಬರೆಯಬೇಕು. ಶಿಕ್ಷಕನು ಹೋದಾಗ ನಿಜವಾಗಿ ಕಳೆದುಕೊಳ್ಳುವವರು ಅವನನ್ನು ನಂಬಿ ಸೇರಿದ ಹದಿನೆಂಟು ಇಪ್ಪತ್ತು ವರ್ಷದ ಹುಡುಗರು. ಬಹುಕಾಲ ಅವರಿಗೆ ಸಂಬಳವೇ ಇರಲಿಲ್ಲ. ತಮ್ಮ ಹೆಸರಿನಿಂದ ಸಂಪಾದಿಸಲು ಅನುಮತಿ ದೊರೆತದ್ದು 2021ರಲ್ಲಿ.

ಈ ಬದಲಾವಣೆಗಳ ಫಲವೇನು ಎಂದು ಕೇಳುವವರಿಗೆ ಭಾರತದ ಕಥೆಯಲ್ಲಿ ಒಂದು ಉತ್ತರವುಂಟು. ಕೌರವರ ಸೇನೆಗೆ ಭೀಷ್ಮರು ಹತ್ತು ದಿನ, ದ್ರೋಣರು ಐದು ದಿನ, ಕರ್ಣನು ಎರಡು ದಿನ, ಶಲ್ಯನು ಅರ್ಧ ದಿನ ಅಧಿಪತಿಗಳಾದರು. ಪ್ರತಿಯೊಂದು ಪಟ್ಟಾಭಿಷೇಕದಲ್ಲೂ ವಾದ್ಯಗಳು ಮೊಳಗಿದವು, ದುರ್ಯೋಧನನ ಮುಖದಲ್ಲಿ ಹೊಸ ಕಳೆ ಮೂಡಿತು. ಅವಧಿ ಮಾತ್ರ ಕಿರಿದಾಗುತ್ತ ಹೋಯಿತು. ಯುದ್ಧವೇ ಬೇಕೆ ಎಂಬ ಮಾತನ್ನು ಕೃಪರು ಎತ್ತಿದಾಗ ಕಾಲ ಮಿಂಚಿತ್ತು.

ಆ ಮಾತನ್ನು ಅಮೆರಿಕದಲ್ಲಿ ಎತ್ತಿದವರೂ ಇದ್ದಾರೆ. ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಏಮಸ್ ಅಲೊಂಜೊ ಸ್ಟ್ಯಾಗ್ ಎಂಬವರು 1892ರಿಂದ 1932ರವರೆಗೆ ಶಿಕ್ಷಕರಾಗಿದ್ದರು. ಎಪ್ಪತ್ತು ತುಂಬಿತೆಂದು ಅವರನ್ನು ನಿವೃತ್ತಿಗೊಳಿಸಲಾಯಿತು. ಆ ವೃದ್ಧರು ಕ್ಯಾಲಿಫೋರ್ನಿಯಾದ ಕಾಲೇಜೊಂದಕ್ಕೆ ಹೋಗಿ 1946ರವರೆಗೆ ಕಲಿಸಿದರು. ಅವರು ಹೋದ ಮೇಲೆ ಷಿಕಾಗೊ ತಂಡವು ಕ್ಷೀಣಿಸಿತು. 1939ರಲ್ಲಿ ಮಿಷಿಗನ್ನಿಗೆ 85ಕ್ಕೆ ಸೊನ್ನೆಯಂತೆ ಸೋತಿತು. ಆಗ ಅಧ್ಯಕ್ಷ ರಾಬರ್ಟ್ ಹಚಿನ್ಸರು ಇನ್ನೊಬ್ಬ ಶಿಕ್ಷಕನನ್ನು ಹುಡುಕುವುದಕ್ಕೆ ಬದಲಾಗಿ ಆ ಆಟವನ್ನೇ ತಂಡದೊಂದಿಗೆ ಕೈಬಿಟ್ಟರು. ವಿಶ್ವವಿದ್ಯಾನಿಲಯವು ಏತಕ್ಕಾಗಿ ಇದೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ಆ ದೇಶದಲ್ಲಿ ಯಾರೂ ಕೊಟ್ಟಂತಿಲ್ಲ. ಅದನ್ನು ಅನುಸರಿಸಿದವರು ವಿರಳ. ಷಿಕಾಗೊ ಕೂಡ 1969ರಲ್ಲಿ ಚಿಕ್ಕ ದರ್ಜೆಯಲ್ಲಿ ಆಟವನ್ನು ಮರಳಿ ತಂದಿತು.

ಅಯೋವಾದಲ್ಲಿ 2024ಕ್ಕೆ ಟಿಮ್ ಲೆಸ್ಟರ್ ಎಂಬ ಹೊಸ ಅಧಿಪತಿಗಳು ಆಕ್ರಮಣದ ಪಂಗಡಕ್ಕೆ ಬಂದರು. ತಂದೆ ತಮ್ಮ ಸ್ಥಾನದಲ್ಲಿಯೇ ಉಳಿದರು. ಸರಾಸರಿಯು ಇಪ್ಪತ್ತೈದನ್ನು ದಾಟಿತು, ಜನರು ಸಂತೋಷಪಟ್ಟರು. ಗೆದ್ದ ಪಂದ್ಯಗಳು ಎಂಟು. ಹಿಂದಿನ ವರ್ಷಕ್ಕಿಂತ ಎರಡು ಕಡಿಮೆ.