ರಸ್ತೆ ಪರದೆಯ ಹಾಡು

ನಮ್ಮ ಓಣಿಯಲ್ಲಿ ಬೆಳಗಿನ ಹೊತ್ತು ನಳದ ನೀರಿಗಿಂತ ಮೊದಲು ಒಂದು ಹಾಡು ಬರುತ್ತದೆ. ಪಕ್ಕದ ಮನೆಯ ಕಾಕಾ ಅಂಗಳದಲ್ಲಿ ಕೊಡಗಳನ್ನು ಸಾಲಾಗಿ ಇಡುತ್ತ ಗುನುಗುವ ನಾಟಕದ ಪದ ಅದು. ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೆಂದು ಬಂದು ತಗಡಿನ ಥೇಟರ್ ಹಾಕುತ್ತಿದ್ದ ಕಂಪನಿಗಳಿಂದ ಹಿಡಿದು ಎಸ್.ಎಂ. ಪಂಡಿತ ರಂಗಮಂದಿರದ ಇಂದಿನ ಪ್ರಯೋಗಗಳವರೆಗೆ ಅವರು ನೋಡದೆ ಬಿಟ್ಟದ್ದು ಕಡಿಮೆ. ಇಷ್ಟೊಂದು ಹಾಡುಗಳಲ್ಲಿ ನಿಮಗೆ ಸೇರಿದ್ದು ಯಾವುದು ಎಂದು ಒಮ್ಮೆ ಕೇಳಿದೆ. ನಾಂದಿಯನ್ನೋ, ನಾಯಕನ ವಿರಹದ ಪದವನ್ನೋ ಹೇಳುತ್ತಾರೆ ಅಂದುಕೊಂಡಿದ್ದೆ. "ರಾಜಾನ ಹಾಡು ಎಲ್ಲಾರಿಗೂ ನೆನಪಿರ್ತಾವ. ನನಗ ರಸ್ತೆ ಪರದೆ ಹಾಡೇ ಛಲೋ ಅನಸ್ತಾವ ನೋಡಪಾ" ಅಂದರು.

ಕಂಪನಿ ನಾಟಕ ನೋಡದ ಕಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ದರ್ಬಾರಿನ ಸೀನು ಮುಗಿದಿದೆ, ಮುಂದೆ ಕಾಡು ಬರಬೇಕು. ಸಿಂಹಾಸನ, ಕಂಬ, ಮೆಟ್ಟಿಲು ಎಲ್ಲವನ್ನೂ ಎತ್ತಿ ಬದಿಗಿಡಬೇಕು. ಅಷ್ಟು ಹೊತ್ತು ಜನರನ್ನು ಸುಮ್ಮನೆ ಕೂರಿಸಿದರೆ ಶಿಳ್ಳೆ ಶುರು. ಅದಕ್ಕೇ ಮುಂಭಾಗದಲ್ಲಿ ಬೀದಿಯ ಚಿತ್ರ ಬರೆದ ಪರದೆಯೊಂದು ಇಳಿಯುತ್ತದೆ. ಅದರ ಮುಂದೆ ಉಳಿದ ನಾಲ್ಕು ಅಡಿ ಜಾಗದಲ್ಲಿ ಹಾಸ್ಯಗಾರ ಹೆಂಡತಿಯೊಡನೆ ಜಗಳ ತೆಗೆದು, ಜಗಳವನ್ನೇ ಹಾಡಾಗಿಸುತ್ತಾನೆ. ಹಿಂದೆ ಮೊಳೆ ಬಡಿಯುವ ಸದ್ದು ಕೇಳದಂತೆ ತಬಲಾ ಜೋರಾಗುತ್ತದೆ. ಆ ಹಾಡಿಗೆ ಇಷ್ಟೇ ಉದ್ದ ಎಂಬ ಕಟ್ಟಿಲ್ಲ. ಪೇಟಿ ಮಾಸ್ತರರ ಒಂದು ಕಣ್ಣು ಸೈಡ್ ವಿಂಗಿನ ಮೇಲೆ. ಒಳಗಿನಿಂದ ಇನ್ನೂ ಆಗಿಲ್ಲ ಎಂಬ ಸನ್ನೆ ಬಂತೋ, ಮತ್ತೆ ಪಲ್ಲವಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. "ಆನಿ ತಿರುಗ್ಲಾಕ ಎಷ್ಟು ಪಲ್ಲವಿ ಬೇಕಾಗ್ತಿತ್ತೋ ಲೆಕ್ಕ ಹಾಕು" ಎಂದು ಕಾಕಾ ನಗುತ್ತಾರೆ. ಆ ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದು ರಾಜನಾಗಿ ಅಲ್ಲ, ‘ಸದಾರಮೆ’ಯ ಕಳ್ಳನಾಗಿ. ಕಿರೀಟ ಬೇಕೆಂದರೆ ಅವರಿಗೆ ಬೇಡ ಅನ್ನುವವರು ಯಾರಿದ್ದರು?

ರಂಗದ ಹಾಡು ಬರೀ ಹಾಡಾಗಿ ಉಳಿದದ್ದು ಕಡಿಮೆ. ಯಾವುದೋ ಒಂದು ಕೆಲಸದ ಜವಾಬ್ದಾರಿ ಅದರ ಹೆಗಲ ಮೇಲೆ ಇದ್ದೇ ಇರುತ್ತಿತ್ತು. 1877ರಲ್ಲಿ ಗದುಗಿನ ಶಾಂತಕವಿಗಳು ‘ಉಷಾಹರಣ’ ಆಡಿಸಿದ್ದು ಮರಾಠಿ ನಾಟಕಗಳ ನಡುವೆ ಕನ್ನಡದ ಧ್ವನಿ ಎಬ್ಬಿಸುವುದಕ್ಕೆ. (ಮೂರೇ ವರ್ಷಕ್ಕೆ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಸೀಮೆಯ ಲೆಕ್ಕ ಹಾಡುಗಳಿಗೆ ಅಷ್ಟು ತಿಳಿಯದು.) ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯ ಹಾಡಿಗಂತೂ ಇನ್ನೂ ದೊಡ್ಡ ಹೊರೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣು ಕಾಣದವರು, ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿದರು. ಮಕ್ಕಳ ಅನ್ನ, ಅರಿವೆ, ವಿದ್ಯೆಗೆ ದುಡ್ಡು ಬೇಕಲ್ಲ. ನಾಟಕ ಕಂಪನಿ ಊರೂರು ತಿರುಗಿತು. ಪುಟ್ಟರಾಜರು ಹೇಮರಡ್ಡಿ ಮಲ್ಲಮ್ಮನ ಕಥೆಯನ್ನು ತಾವೇ ನಾಟಕವಾಗಿ ಬರೆದರು. ಹೊರಗೆ ಟಿಕೆಟ್ ಹರಿದಷ್ಟು ಆಶ್ರಮದ ತಾಟುಗಳಿಗೆ ರೊಟ್ಟಿ ಬಿತ್ತು. ಆ ಕಂಪನಿಯಲ್ಲಿ ಪೇಟಿಗೆ ಕೂತವರಿಗೆ ಸೈಡ್ ವಿಂಗಿನ ಸನ್ನೆ ಕಾಣದಿದ್ದರೆ ಹಾಡು ಮುಗಿಸುವುದು ಹೇಗೆ? ಪರದೆಯ ಹಿಂದೆ ಎಳೆದಾಡುವ ಸದ್ದು ನಿಂತದ್ದನ್ನು ಕಿವಿಯಿಂದಲೇ ಹಿಡಿಯುತ್ತಿದ್ದಿರಬೇಕು ಎಂಬುದು ಕಾಕಾ ಅವರ ಅಂದಾಜು.

ಈಗ ರಂಗಮಂದಿರದಲ್ಲಿ ದೀಪ ಆರಿ ಹೊತ್ತುವಷ್ಟರಲ್ಲಿ ಅರಮನೆ ಮಾಯವಾಗಿ ಅಡವಿ ಬಂದಿರುತ್ತದೆ. ಕಾಕಾ ಗೊಣಗುತ್ತಾರೆ. ಆದರೆ ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಇಬ್ಬರು ಅರ್ಧ ಪರದೆಯನ್ನು ಎದುರಿಗೇ ಹಿಡಿದು ತರುವುದು ಕಂಡಾಗ ಅವರ ಮುಖ ಅರಳುತ್ತದೆ. ಪರದೆ ಹಿಡಿಯುವವರಿಗೂ ಒಂದು ಸಲ ಬೆಳಕು ಬಿತ್ತಲ್ಲ ಎಂಬ ಸಮಾಧಾನ.

ನಮ್ಮ ನಿಮ್ಮ ಮನೆಗಳಲ್ಲೂ ಇಂಥ ರಸ್ತೆ ಪರದೆ ಆಗಾಗ ಇಳಿಯುತ್ತದೆ. ಹೇಳದೆ ಕೇಳದೆ ನಾಲ್ವರು ಬೀಗರು ಬಂದರು ಅನ್ನಿ. ಒಳಗೆ ಬುಟ್ಟಿಯಲ್ಲಿ ಎರಡೇ ರೊಟ್ಟಿ. ಆಗ ಪಡಸಾಲೆಯಲ್ಲಿ ಒಬ್ಬರು ಕೂತು ಮಳೆ ಹೇಗಾಯಿತು, ತೊಗರಿಗೆ ಈ ಸಲ ಏನು ಧಾರಣೆ, ಸಣ್ಣವಳ ಕಾಲೇಜು ಎಲ್ಲಿಗೆ ಬಂತು ಎಂದು ಮಾತಿಗೆ ಮಾತು ಸೇರಿಸುತ್ತ ಹೋಗಬೇಕು, ರೊಟ್ಟಿ ಬಡಿಯುವ ಸದ್ದು ನಿಲ್ಲುವ ತನಕ. ಆಸ್ಪತ್ರೆಯ ಪಡಸಾಲೆಯಲ್ಲಿ ಕೂಡ ಹಾಗೆಯೇ. ಔಷಧಿಯ ಚೀಟಿ ಹಿಡಿದು ಓಡಾಡುವವನೊಬ್ಬ, ತಾಯಿಯ ಪಕ್ಕ ಕೂತು ಊರ ಸುದ್ದಿ ಹೇಳುವವನು ಇನ್ನೊಬ್ಬ. ಎರಡನೆಯವನನ್ನು ನಾವು ಕೆಲಸವಿಲ್ಲದವನು ಎಂದು ಬಗೆದಿರುತ್ತೇವೆ. ಕಾಲಕ್ಷೇಪ ಎಂಬ ಮಾತನ್ನು ಹೊತ್ತು ಕೊಲ್ಲುವುದು ಎಂದು ಹಗುರ ಮಾಡಿದವರು ನಾವೇ. ಹರಿಕಥೆಯವರು ಅದೇ ಮಾತನ್ನು ಎಷ್ಟು ಗೌರವದಿಂದ ಬಳಸುತ್ತಾರೆ! ನನಗೆ ಆ ಕಲೆ ಒಲಿದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನೆಂಟರ ಎದುರು ಐದು ನಿಮಿಷಕ್ಕೇ ಮಾತು ತೀರಿ ಗಡಿಯಾರ ನೋಡುವ ಜಾತಿ ನನ್ನದು.

ಹೋದ ವರ್ಷ ಕಮಲಾಪುರದ ಆಚೆಯ ಒಂದು ಹಳ್ಳಿಯಲ್ಲಿ ಜಾತ್ರೆಯ ನಾಟಕ. ಆಡುವವರು ಊರ ಹುಡುಗರೇ. ಕಾಕಾ ನನ್ನನ್ನೂ ಹೊರಡಿಸಿದರು. ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದೆವು. ಅಲ್ಲಿ ಇಳಿದ ಮೇಲೆ ಕೆಂಪು ಬಾಳೆಹಣ್ಣು ಕೊಳ್ಳದೆ ಮುಂದೆ ಹೋಗುವುದುಂಟೆ? ರಾತ್ರಿ ಹತ್ತೂವರೆಗೆ ಮೂರನೇ ಬೆಲ್ ಆಯಿತು, ನಾಂದಿಯೂ ಆಯಿತು. ನಾಯಕಿಯ ಪಾತ್ರಕ್ಕೆ ಬರಬೇಕಾದಾಕೆಯ ಗಾಡಿ ದಾರಿಯಲ್ಲೆಲ್ಲೋ ಕೆಟ್ಟು ನಿಂತಿತ್ತು. ಬಣ್ಣ ಹಚ್ಚಿಕೊಂಡ ಹುಡುಗರು ಮುಖ ಮುಖ ನೋಡಿಕೊಂಡರು. ನೆಲದ ಮೇಲೆ ಕೂತವರಲ್ಲಿ ಗುಜುಗುಜು ಏರಿತು. ಯಾರೋ ಬಂದು ಕಾಕಾ ಅವರ ಕಿವಿಯಲ್ಲಿ ಏನೋ ಅಂದರು. ಅವರು ಹಣ್ಣಿನ ಚೀಲ ನನ್ನ ತೊಡೆಯ ಮೇಲಿಟ್ಟು ಎದ್ದರು.

ಬೀದಿಯ ಪರದೆಯ ಮುಂದೆ ಹೆಗಲಿಗೆ ವಲ್ಲಿ ಹಾಕಿಕೊಂಡ ಮುದುಕ, ಬಣ್ಣವಿಲ್ಲ, ಗೆಜ್ಜೆಯಿಲ್ಲ. ಮೊದಲ ಹಾಡಿಗೆ ಹಿಂದಿನ ಸಾಲಿನವರು ನಕ್ಕರು. ಎರಡನೆಯದಕ್ಕೆ ಚಪ್ಪಾಳೆ ಹಿಡಿದರು. ಮೂರನೆಯದಕ್ಕೆ ವನ್ಸ್ ಮೋರ್ ಬಂತು, ಪೇಟಿ ಮಾಸ್ತರರಿಗೂ ಹುರುಪು ಬಂದು ಬೆರಳು ಓಡತೊಡಗಿದವು. ನಲವತ್ತು ನಿಮಿಷವಾಗಿರಬೇಕು. ನಾಲ್ಕನೆಯ ಹಾಡಿನ ಚರಣ ಏರುತ್ತಿತ್ತು, ಜನ ಉಸಿರು ಹಿಡಿದಿದ್ದರು. ಅಷ್ಟರಲ್ಲಿ ಪರದೆಯ ಅಂಚಿನಿಂದ ಬಳೆ ತೊಟ್ಟ ಒಂದು ಕೈ ಹೊರಗೆ ಬಂದು ಅಲ್ಲಾಡಿತು. ಕಾಕಾ ಅಲ್ಲಿಗೇ ನಿಲ್ಲಿಸಿ, ಜನರಿಗೆ ಕೈ ಮುಗಿದು ಇಳಿದು ಬಂದರು.

"ಚರಣ ಮುಗಿಸಬೇಕಿತ್ತಲ್ಲ ಕಾಕಾ, ಎಷ್ಟು ಛಲೋ ಏರಿತ್ತು" ಅಂದೆ.

"ಆಕಿ ಬಂದಿದ್ಳಲ್ಲೋ" ಅಂದವರೇ ನನ್ನ ತೊಡೆಯ ಮೇಲಿನ ಚೀಲಕ್ಕೆ ಕೈ ಹಾಕಿ ಒಂದು ಹಣ್ಣು ತೆಗೆದು ಸುಲಿಯತೊಡಗಿದರು. ಪರದೆ ಎದ್ದಿತು.