ಅಲೆ ಒಡೆಯದ ಜಾಗ

ಮೂಲ್ಕಿ ಬಿಟ್ಟು ಚೆನ್ನೈಗೆ ಬಂದು 14 ವರ್ಷವಾಯಿತು. ಭಾನುವಾರ ನಗರದಿಂದ ದಕ್ಷಿಣಕ್ಕಿರುವ ಕೋವಳಂಗೆ ಹೋಗಿ, ಸರ್ಫಿಂಗ್ ಹುಡುಗರನ್ನು ನೋಡುತ್ತ ಕೂರುತ್ತೇನೆ. ನಮ್ಮ ಕಡಲಿಗೆ ಹುಚ್ಚೇಳುವುದು ಮುಂಗಾರಿನಲ್ಲಿ, ಇಲ್ಲಿಯದಕ್ಕೆ ಅಕ್ಟೋಬರ್ ನಂತರದ ಹಿಂಗಾರಿನಲ್ಲಿ. ಆಳ ಥಟ್ಟನೆ ಕಡಿಮೆಯಾಗುವಲ್ಲಿ ಅಲೆ ಸುರುಳಿಯಾಗಿ ದಬಕ್ಕನೆ ಬೀಳುತ್ತದೆ. ಇಳಿಜಾರು ನಿಧಾನವಿದ್ದರೆ ನೊರೆ ಸುರಿಸುತ್ತ ಜಾರಿ ಬರುತ್ತದೆ. ನಡುವೆ ಅಲೆಯೇ ಒಡೆಯದ, ಸಮಾಧಾನವಾಗಿ ಕಾಣುವ ಒಂದು ಪಟ್ಟಿ ಇರುತ್ತದಲ್ಲ, ಅದೇ ಮೋಸ. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಅದು. ಹಲಗೆಯವರು ಅದನ್ನೇ ಹಿಡಿದು ಸಲೀಸಾಗಿ ಒಳಕ್ಕೆ ಹೋಗುತ್ತಾರೆ. ತಿಳಿಯದವರು ಅದಕ್ಕೆ ಎದುರು ಈಜಿ ಸೋಲುತ್ತಾರೆ; ದಡದುದ್ದಕ್ಕೆ ಅಡ್ಡ ಈಜಿದರೆ ಪಾರಾಗಬಹುದು.

ಒಂದು ದಿನ ಕಾಲೇಜು ಹುಡುಗನೊಬ್ಬ ಸರಿಯಾಗಿ ಅಲ್ಲಿಗೇ ಇಳಿದ. ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ನನ್ನ ಮುರುಕು ತಮಿಳಿಗೆ ಅವನ ಗೆಳೆಯರು ನಕ್ಕಾರು, ಊರಿನವರೇ ಇದ್ದಾರಲ್ಲ, ಹೊರಗಿನವನಿಗ್ಯಾಕೆ ಉಸಾಬರಿ ಅನ್ನಿಸಿತು. ಮೀನುಗಾರರ ಹುಡುಗನೊಬ್ಬ ಹಲಗೆ ತಿರುಗಿಸಿ ಅವನನ್ನು ಎಳೆದು ತಂದ.

ಪರಸ್ಥಳದಲ್ಲಿ ಸುಮ್ಮನಿರುವುದನ್ನು ನಾವು ಸೌಜನ್ಯ ಅಂತ ಕರೆದುಕೊಂಡಿದ್ದೇವೆ. ಬಸ್ಸಿನಲ್ಲಿ, ಬಾಡಿಗೆ ಮನೆಯಲ್ಲಿ ಅದು ಸರಿಯೇ ಇರಬಹುದು. ಆದರೆ ನನಗೆ ತಿಳಿದದ್ದು ಮೂಲ್ಕಿಯದಲ್ಲ, ಕೋವಳಂದೂ ಅಲ್ಲ, ನೀರಿನದು. ಅದನ್ನು ಹೇಳಲು ಯಾವ ಊರಿನ ಅಪ್ಪಣೆ ಬೇಕಿತ್ತು? ಮೂಲ್ಕಿಯಲ್ಲಾಗಿದ್ದರೆ ಕೂಗುತ್ತಿದ್ದೆನೇ? ಕೂಗುತ್ತಿದ್ದೆ, ನಾಲ್ಕು ಮಾತು ಬೈದೂ ಬಿಡುತ್ತಿದ್ದೆ.

ಎಳೆದು ತಂದ ಹುಡುಗ ನನ್ನ ಪಕ್ಕ ಕೂತು ಕಿವಿಯ ನೀರು ಕೊಡವಿಕೊಂಡ. "ನೀವು ನೋಡ್ಲಿಲ್ವಾ ಸಾರ್?" ಅಂತ ತಮಿಳಿನಲ್ಲಿ ಕೇಳಿದ. ಅರ್ಥವಾಗದವನ ಹಾಗೆ ನಕ್ಕೆ.